ಜಗತ್ ಸರ್ಕಲ್ ಕಡೆಯ ಮೆಡಿಕಲ್: ಗುಳಗಿಗಿಂತ ಪ್ರಶ್ನೆ ಜಾಸ್ತಿ

ನಾಲ್ಕು ಸ್ಟಾರ್. ಕಲಬುರಗಿಯಲ್ಲಿ ನಾನು ಹೋದ ಮೆಡಿಕಲ್‌ಗಳಲ್ಲಿ "ನೆಗಡಿ" ಅಂದರೆ ಸಾಕು, ಎರಡು ಗುಳಗಿ ಕತ್ತರಿಸಿ ಕೈಗಿಡುತ್ತಾರೆ. ಇಲ್ಲಿ ಹಾಗಲ್ಲ.

ಕಳೆದ ವಾರ ಅವ್ವನಿಗೆ ನೆಗಡಿ, ಮೈಕೈ ನೋವು. ನೆಗಡಿ ಗುಳಗಿ ಒಂದು ಪಟ್ಟಿ, ಜೊತೆಗೆ ಪ್ಯಾರಾಸಿಟಮಾಲ್ 650 ಕೇಳಿದೆ. ಕೌಂಟರ್‌ನಲ್ಲಿದ್ದ ಮೇಡಂ ಶುರು ಮಾಡಿದರು, "ಯಾರಿಗ್ರಿ? ವಯಸ್ಸೆಷ್ಟು? ಎಷ್ಟ್ ದಿನ ಆಯ್ತು? ಬಿಪಿ, ಶುಗರ್ ಗುಳಗಿ ನಡದಾವೇನ್ರಿ?" ಹಿಂದೆ ನಾಲ್ಕು ಜನ ನಿಂತಿದ್ದಾರೆ, ನನಗೆ ಸ್ವಲ್ಪ ಸಿಟ್ಟೇ ಬಂತು. ಬಿಪಿ ಇದೆ ಅಂದೆ. ತಕ್ಷಣ ಪಟ್ಟಿ ತಿರುಗಿಸಿ ಸಣ್ಣ ಅಕ್ಷರ ತೋರಿಸಿದರು: ನೆಗಡಿ ಗುಳಗಿಯಲ್ಲೇ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಇದೆ, ಅದರ ಮೇಲೆ 650 ನುಂಗಿದರೆ ಒಂದೇ ಔಷಧಿ ಎರಡು ಸಲ ಹೋದ ಹಾಗೆ, ಜೊತೆಗಿರುವ ಫಿನೈಲೆಫ್ರಿನ್ (ಕಟ್ಟಿದ ಮೂಗು ಬಿಡಿಸೋ ಔಷಧಿ) ಬೇರೆ ಬಿಪಿ ಏರಿಸಬಹುದು. ಎಷ್ಟು ವರ್ಷದಿಂದ ಈ ಜೋಡಿ ತಗೊಂಡು ಹೋಗಿದ್ದೇನೋ, ಒಮ್ಮೆಯೂ ಓದಿರಲಿಲ್ಲ.

ಕೊನೆಗೆ 650 ಮಾತ್ರ ಕೊಟ್ಟರು. ಆರು ತಾಸಿಗೊಂದು, ದಿನಕ್ಕೆ ನಾಲ್ಕರ ಮೇಲೆ ಬೇಡ, ಮೂರು ದಿನಕ್ಕೆ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ ಅಂತ ಕವರ್ ಮೇಲೆ ಬರೆದೂ ಕೊಟ್ಟರು. ಪಟ್ಟಿ ಮೇಲೆ ಕೆಂಪು ಗೆರೆ ಇರುವ ಆಂಟಿಬಯೋಟಿಕ್ ಮಾತ್ರ ಡಾಕ್ಟರ್ ಚೀಟಿ ಇಲ್ಲದೆ ಕೊಡಲ್ಲ, ಸುಮ್ನೆ ಜಗಳ ಮಾಡಬೇಡಿ.

ಒಂದು ಸ್ಟಾರ್ ಕಟ್ ಯಾಕೆ ಅಂದರೆ, ಎಲ್ಲಾ ಜೋರಾಗಿ ಕೇಳುತ್ತಾರೆ. ನನ್ನ ಮುಂದಿದ್ದ ಹುಡುಗನಿಗೆ ತುರಿಕೆ ಎಲ್ಲಿ ಅಂತ ಇಡೀ ಸಾಲಿಗೇ ಗೊತ್ತಾಯಿತು, ಪಾಪ. ಸಂಜೆ ಏಳರ ಮೇಲೆ ರಶ್ ಇರುತ್ತದೆ, ಮಧ್ಯಾಹ್ನ ಹೋಗಿ.