ಬಾಡಿಗೆ ಮನೆ ಇನ್ಸ್‌ಪೆಕ್ಷನ್ ಸರ್ವಿಸ್: 86 ಫೋಟೋ ಬಂತು, ತಾರಸಿದು ಒಂದೂ ಇಲ್ಲ

ಮೂರು ಸ್ಟಾರ್ ಕೊಡ್ತಿದೀನಿ. ಮೊದಲನೇ ಸಲ ಬಂದ ಹುಡುಗನಿಗೆ ಒಂದು, ಎರಡನೇ ಸಲ ಬಂದೋರಿಗೆ ಐದು, ಸರಾಸರಿ ಹಾಕಿದ್ರೆ ಅಷ್ಟೇ ಬರೋದು. ಕಂಪನಿ ಹೆಸರು ಹಾಕಲ್ಲ.

ನಾವಿರೋದು ಶಿವಮೊಗ್ಗದಲ್ಲಿ. ಬೆಂಗ್ಳೂರು ರಾಜರಾಜೇಶ್ವರಿ ನಗರದಲ್ಲಿ ನಮ್ಮ ಮಾವ 1996ರಲ್ಲಿ ಕಟ್ಟಿಸಿದ ಮನೆ ಇದೆ, ಕೆಳಗೊಂದು ಮೇಲೊಂದು, ಎರಡೂ ಬಾಡಿಗೆಗೆ ಕೊಟ್ಟಿದೀವಿ. ಮಾವ ಇದ್ದಾಗ ಬಾಡಿಗೆ ಇಸ್ಕೊಳೋಕೆ ಅಂತ ತಿಂಗಳಿಗೊಂದ್ಸಲ ರೈಲು ಹತ್ತೋರು, ಹೋದೋರು ಸುಮ್ನೆ ದುಡ್ಡು ಎಣಿಸ್ಕೊಂಡು ಬರ್ತಿರ್ಲಿಲ್ಲ, ತಾರಸಿ ಹತ್ತಿ ನೀರು ಹೋಗೋ ತೂತಿಗೆ ಕೈ ಹಾಕಿ ಎಲೆ ತೆಗ್ದು, ಸಂಪಿನ ಮುಚ್ಚಳ ಎತ್ತಿ ನೋಡಿ, ಬಾಡಿಗೆದಾರರ ಮನೇಲೇ ಕಾಫಿ ಕುಡ್ದು ಅವರ ಗೋಳು ಕೇಳ್ಕೊಂಡು ಬರೋರು. ಈಗ ಬಾಡಿಗೆ ಫೋನಿಗೇ ಬಂದು ಬೀಳುತ್ತೆ, ಹಾಗಾಗಿ ಯಾರೂ ಹೋಗಲ್ಲ. ಎರಡು ವರ್ಷ ನಾವು ಆ ಮನೆ ಮುಖಾನೇ ನೋಡಿರ್ಲಿಲ್ಲ ಅಂದ್ರೆ ನೋಡಿ. ಅದಕ್ಕೇ ಈ ಸರ್ವಿಸ್ ತಗೊಂಡಿದ್ದು, ಆರು ತಿಂಗ್ಳಿಗೊಂದ್ಸಲ ವಿಸಿಟ್, ಒಂದು ವಿಸಿಟ್‌ಗೆ 2,500 ರೂಪಾಯಿ ಪ್ಲಸ್ ಜಿಎಸ್‌ಟಿ.

ಮೊದಲನೇ ರಿಪೋರ್ಟ್ ಪಿಡಿಎಫ್ ಬಂದಾಗ ಖುಷಿನೇ ಆಯ್ತು, ಸುಳ್ಳು ಯಾಕೆ ಹೇಳ್ಲಿ. 86 ಫೋಟೋ, ಪ್ರತಿಯೊಂದರ ಕೆಳಗೂ ಹಸಿರು ಟಿಕ್. ಕಿಚನ್ ಟ್ಯಾಪ್ ಓಕೆ, ಫ್ಲಶ್ ಟ್ಯಾಂಕ್ ಓಕೆ, ಸ್ವಿಚ್ ಬೋರ್ಡ್ ಓಕೆ, ಡೋರ್‌ಬೆಲ್ ಸಹ ಓಕೆ. ಮಾರನೇ ದಿನ ಮೇಲ್ಗಡೆ ಮನೆಯವರ ಫೋನು, ಅವರು ಹುಬ್ಬಳ್ಳಿ ಕಡೆಯೋರು. "ಅಕ್ಕಾರ, ನಿಮ್ ಕಡೆಯವ್ರು ರಾತ್ರಿ ಏಳೂವರೆಗೆ ಬಂದಿದ್ರು ನೋಡ್ರಿ, ದೇವ್ರ ಮನಿ ಫೋಟೋ ಹೊಡ್ಕೊಂಡ್ರು, ಕಪಾಟ ತೆಗ್ಸಿ ಅದರ ಒಳಗಿಂದೂ ಹೊಡ್ಕೊಂಡ್ರು, ನನಗ ಒಂದ್ ಮಾತೂ ಕೇಳ್ಲಿಲ್ರಿ." ನಂಗೆ ಎಲ್ಲಿ ಮುಖ ಇಟ್ಕೊಳೋದು ಗೊತ್ತಾಗ್ಲಿಲ್ಲ. ಬರೋದನ್ನ ಅವರಿಗೆ ಮುಂಚೆ ತಿಳಿಸೇ ಇಲ್ಲ! ಕಸ್ಟಮರ್ ಕೇರಲ್ಲಿ ಕೇಳಿದ್ರೆ "ಓನರ್ ಅಪ್ರೂವಲ್ ಇತ್ತಲ್ಲಾ ಮೇಡಮ್" ಅಂತಾರೆ. ಓನರ್ ಅಪ್ರೂವಲ್ ಕೊಟ್ಬಿಟ್ರೆ ಇನ್ನೊಬ್ರ ಬೀರು ತೆಗೀಬಹುದಾ? ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಮಾಡಿದೆ, ರಾಜ್ಯಗಳು ಒಪ್ಕೊಂಡ್ರೆ ಮಾತ್ರ ಜಾರಿಗೆ ಬರೋದು, ಆದ್ರೆ ಅದ್ರಲ್ಲಿರೋ ಮಾತು ನ್ಯಾಯವಾಗಿದೆ: ಕನಿಷ್ಠ 24 ಗಂಟೆ ಮುಂಚೆ ದಿನ, ಟೈಮು, ಯಾಕೆ ಅನ್ನೋದನ್ನ ಬರೆದು ತಿಳಿಸ್ಬೇಕು, ಮೆಸೇಜ್ ಆದ್ರೂ ನಡೆಯುತ್ತೆ, ಸೂರ್ಯ ಹುಟ್ಟೋಕೆ ಮುಂಚೆ, ಮುಳುಗಿದ ಮೇಲೆ ಒಳಗೆ ಹೋಗಂಗಿಲ್ಲ. ಕತ್ತಲೆ ಆದ್ಮೇಲೆ ಹೋದ್ರೆ ಓನರ್‌ಗೂ ಲಾಭ ಇಲ್ಲ, ಈ ಹುಡುಗ ತಾರಸಿಗೆ ಯಾಕೆ ಹತ್ತಿಲ್ಲ ಅಂದ್ರೆ "ಲೈಟ್ ಇರ್ಲಿಲ್ಲ ಮೇಡಮ್" ಅಂದ.

ಆಮೇಲೆ ಮಳೆ ಶುರು ಆಯ್ತು. ಅದೇ ಹುಬ್ಬಳ್ಳಿಯೋರು ಫೋಟೋ ಕಳ್ಸಿದ್ರು, ರೂಮಿನ ಗೋಡೆ ಉಬ್ಬಿ ಬಣ್ಣ ಎದ್ದು ಬೂಷ್ಟು ಹಿಡ್ದಿದೆ. ಹೋದ ವರ್ಷದ ಮಳೆಗಾಲದಿಂದಾನೂ ಹಿಂಗೇ ಇತ್ತಂತೆ, ನೋಡೋಕಾಗ್ದೆ ಬೀರು ಅಡ್ಡ ಇಟ್ಟಿದ್ರಂತೆ. ನಾನು ಹಳೇ ರಿಪೋರ್ಟ್ ತೆಗ್ದು ನೋಡ್ತೀನಿ, ಫೋಟೋ ನಂಬರ್ 41, ಅದೇ ಗೋಡೆ, ಅದೇ ಬೀರು, ಕೆಳಗೆ "ವಾಲ್ ಕಂಡಿಷನ್ ಗುಡ್". ಬೀರು ಒಳಗೆ ಇಣುಕಿದ ಪುಣ್ಯಾತ್ಮ ಹಿಂದೆ ನೋಡಿಲ್ಲ!

ಜಗಳ ಆಡಿದ್ಮೇಲೆ ಫ್ರೀ ಆಗಿ ಇನ್ನೊಬ್ರನ್ನ ಕಳ್ಸಿದ್ರು. ಇವರು ಸ್ವಲ್ಪ ವಯಸ್ಸಾದೋರು, ಮುಂಚೆ ಕಟ್ಟಡ ಕೆಲಸದ ಮೇಸ್ತ್ರಿ ಆಗಿದ್ರಂತೆ. ಹಿಂದಿನ ದಿನಾನೇ ಎರಡೂ ಮನೆಯವರಿಗೆ ವಾಟ್ಸಾಪ್ ಮಾಡಿ ಬೆಳಿಗ್ಗೆ ಹತ್ತೂವರೆಗೆ ಬಂದ್ರಂತೆ, ಚಪ್ಪಲಿ ಹೊರಗೆ ಬಿಟ್ಟು, ಮೊದಲು ಕೇಳಿದ್ದೇ "ಮಳೆ ಬಂದಾಗ ಎಲ್ಲೆಲ್ಲಿ ಒದ್ದೆ ಆಗುತ್ತಮ್ಮ, ಕರೆಂಟ್ ಹೋಗೋದು ಬರೋದು ಹೆಂಗೆ, ಸ್ನಾನಕ್ಕೆ ನೀರು ಕಾಯೋಕೆ ಎಷ್ಟೊತ್ತು?" ಆ ಮನೇಲಿ ದಿನಾ ಇರೋದು ಅವರು ತಾನೇ, ಅರ್ಧ ರಿಪೋರ್ಟ್ ಅಲ್ಲೇ ಆಗೋಯ್ತು. ತಾರಸಿ ಮೇಲೆ ಮಳೆನೀರು ಪೈಪಿನ ಬಾಯಿಗೆ ರಸ್ತೆ ಬದಿ ಹೊಂಗೆ ಮರದ ಎಲೆ, ಜೊತೆಗೆ ಯಾವುದೋ ಹುಡುಗರ ಕ್ರಿಕೆಟ್ ಬಾಲು ಸಿಕ್ಕಾಕೊಂಡು, ನೀರು ಅಲ್ಲೇ ನಿಂತು ಪ್ಯಾರಾಪೆಟ್ ಬುಡದ ಬಿರುಕಲ್ಲಿ ಇಳೀತಿತ್ತು. ಒಳಗೆ ಎಷ್ಟು ಸಲ ಪೇಂಟ್ ಹೊಡೆದ್ರೂ ಪ್ರಯೋಜನ ಇರ್ಲಿಲ್ಲ.

ನಂಗೆ ಹೆದರಿಕೆ ಆಗಿದ್ದು ಮಾತ್ರ ಕರೆಂಟಿನ ವಿಷ್ಯ. ಮೇನ್ ಬೋರ್ಡಲ್ಲಿ ಆರ್‌ಸಿಸಿಬಿ ಅಂತ ಒಂದಿರುತ್ತೆ, ಮನೆಗಳಿಗೆ ಸಾಮಾನ್ಯವಾಗಿ 30 ಮಿಲಿಆಂಪಿಂದು ಹಾಕೋದು, ಮನುಷ್ಯರಿಗೆ ಶಾಕ್ ಹೊಡೆದ್ರೆ ಟಕ್ ಅಂತ ಕಟ್ ಆಗ್ಬೇಕಾಗಿರೋದು ಅದು. ಎಂಸಿಬಿ ಬೇರೆ, ಅದು ಲೋಡ್ ಜಾಸ್ತಿ ಆದ್ರೆ ವೈರಿಂಗ್ ಸುಡದಂಗೆ ಕಾಯುತ್ತೆ. ಆರ್‌ಸಿಸಿಬಿ ಮೇಲೆ ಸಣ್ಣದೊಂದು ಟೆಸ್ಟ್ ಬಟನ್ ಇದೆ, ಒತ್ತಿದ್ರೆ ಕರೆಂಟ್ ಹೋಗ್ಬೇಕು. ನಮ್ಮ ಮನೇದು ಒತ್ತಿದ್ರೂ ಹೋಗ್ಲೇ ಇಲ್ಲ. ಮೊದಲನೇ ರಿಪೋರ್ಟಲ್ಲಿ ಅದಕ್ಕೂ ಹಸಿರು ಟಿಕ್ ಇತ್ತು! ಅದೇ ವಾರ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿದ್ವಿ. ನಿಮ್ಮನೇದೂ ಇವತ್ತೇ ಒತ್ತಿ ನೋಡಿ, ಕಾಸು ಖರ್ಚಿಲ್ಲ.

ಗೀಸರ್ ಬಿಚ್ಚಿಸಿದಾಗ ಕಾಯಿಲ್ ಮೇಲೆ ಬೋರ್ ನೀರಿನ ಬಿಳಿ ಪದರ ಬೆರಳು ದಪ್ಪ ಕಟ್ಟಿತ್ತು. ಆ ಮಾದರಿ ಕಾಯ್ದೆ ಪ್ರಕಾರ ಸುಣ್ಣಬಣ್ಣ, ಪೈಪು, ವೈರಿಂಗ್ ಓನರ್‌ದು, ನಲ್ಲಿ ವಾಶರ್ರು, ಸ್ವಿಚ್ಚು, ಗೀಸರ್ ರಿಪೇರಿ ಬಾಡಿಗೆದಾರರದು. ನಾವು ಗೀಸರ್ ದುಡ್ಡು ಅವರ ಹತ್ರ ಇಸ್ಕೊಳ್ಲಿಲ್ಲ, ನೀರು ಗಡಸು ಆಗಿರೋದು ಅವರ ತಪ್ಪಾ? ಮತ್ತೆ ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟಲ್ಲಿ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಮುರ್ಕೊಳೋದು ಅಂತಿದೆ, ಎಲ್ಲರದ್ದೂ ಹಾಗೇ ಇರುತ್ತಲ್ಲ. ಎರಡನೇ ರಿಪೋರ್ಟಲ್ಲಿ ಆ ಮೇಸ್ತ್ರಿ "ಗೋಡೆ ಹಾಳಾಗಿರೋದು ತಾರಸಿ ನೀರಿಂದ, ಬಾಡಿಗೆದಾರರಿಂದ ಅಲ್ಲ" ಅಂತ ಸ್ಪಷ್ಟವಾಗಿ ಬರೆದಿದಾರೆ. ನಮ್ಮನೆಯವರಿಗೆ ಇದು ಅಷ್ಟು ಇಷ್ಟ ಆಗ್ಲಿಲ್ಲ, ಆದ್ರೆ ದುಡ್ಡು ಕೊಟ್ಟಿದ್ದು ಇಂಥ ರಿಪೋರ್ಟಿಗೇ ತಾನೇ.

ತಗೊಳೋರಿಗೆ ಒಂದು ಮಾತು, ಬುಕ್ ಮಾಡೋಕೆ ಮುಂಚೆ ಎಷ್ಟು ಫೋಟೋ ಅಂತ ಕೇಳ್ಬೇಡಿ, ತಾರಸಿ ಹತ್ತುತ್ತಾರಾ, ಸಂಪು ತೆಗೀತಾರಾ, ಮನೇಲಿರೋರನ್ನ ಮಾತಾಡಿಸ್ತಾರಾ ಅಂತ ಕೇಳಿ. ಆ್ಯಪ್, ಇನ್‌ವಾಯ್ಸ್, ಪೇಮೆಂಟ್ ಎಲ್ಲಾ ಚೆನ್ನಾಗಿದೆ, ಅದ್ರ ಬಗ್ಗೆ ತಕರಾರಿಲ್ಲ.

ಮುಂದಿನ ವಿಸಿಟ್‌ಗೆ ಆ ಮೇಸ್ತ್ರಿಯವರನ್ನೇ ಕಳ್ಸಿ ಅಂತ ಕೇಳ್ದೆ. "ಯಾರು ಫ್ರೀ ಇರ್ತಾರೋ ಅವರು ಬರ್ತಾರೆ ಮೇಡಮ್, ಹೆಸರು ಹೇಳಿ ಬುಕ್ ಮಾಡೋ ಆಪ್ಷನ್ ಇಲ್ಲ" ಅಂದ್ರು. ಸರಿ ಅಂತ ಬೆಂಗ್ಳೂರಿಗೆ ಎರಡು ರೈಲ್ ಟಿಕೆಟ್ ಮಾಡಿಸಿದೀನಿ, ಹುಬ್ಬಳ್ಳಿಯೋರಿಗೆ ಮೆಸೇಜೂ ಹಾಕಿದೀನಿ, ಊಟಕ್ಕೆ ಬರ್ರಿ ಅಂತ ರಿಪ್ಲೈ ಬಂದಿದೆ.