ಕ್ರೂಸ್‌ನಲ್ಲಿ ‘ಪ್ರೈವೇಟ್ ಐಲ್ಯಾಂಡ್ ಪಾಸ್’ ಅಂತ ದುಡ್ಡು ಕೇಳಿದರೆ ಕೊಡಬೇಡಿ

ಅಮೆರಿಕದ ಮಯಾಮಿ ಅಥವಾ ಪೋರ್ಟ್ ಕೆನಾವರಲ್‌ನಿಂದ ಹೊರಡುವ ಬಹಾಮಾಸ್ ಕ್ರೂಸ್ ಬುಕ್ ಮಾಡುತ್ತಿರುವವರು, ಅದರಲ್ಲೂ ಊರಿನ ಏಜೆಂಟ್ ಕೈಯಲ್ಲಿ ಪ್ಯಾಕೇಜ್ ಮಾಡಿಸುತ್ತಿರುವವರು, ಇದನ್ನು ಓದಿ ಆಮೇಲೆ ದುಡ್ಡು ಕಟ್ಟಿ. ದಾರಿಯಲ್ಲಿ ಕ್ರೂಸ್ ಕಂಪನಿಯ ದ್ವೀಪಕ್ಕೆ ಇಳಿಯಲು ಬೇಕು ಅನ್ನುವ ‘ಐಲ್ಯಾಂಡ್ ಪಾಸ್’ ಅನ್ನೋದೊಂದು ಇಲ್ಲವೇ ಇಲ್ಲ. ನಮ್ಮ ಕುಟುಂಬಕ್ಕೆ ತಲೆಗೆ 9,500 ರೂಪಾಯಿಯಂತೆ ಮಾರಿದ್ದು ಅದನ್ನೇ. ಇಲ್ಲದ್ದನ್ನು.

ವಾಟ್ಸಾಪ್‌ನಲ್ಲಿ ಬಂದ ಮಾತು ಹೀಗಿತ್ತು: “ಸಾರ್, ಕೊಕೊಕೇ ಕಂಪನಿಯವರ ಸ್ವಂತ ದ್ವೀಪ. ಹೊರಗಿನವರಿಗೆ ಎಂಟ್ರಿ ಇಲ್ಲ. ಪಾಸ್ ಈಗಲೇ ಮಾಡಿಸಿಬಿಡಿ, ಹಡಗಲ್ಲಿ ತೊಗೊಂಡ್ರೆ ಡಬಲ್ ಆಗತ್ತೆ.” ಮೊದಲ ಎರಡು ವಾಕ್ಯ ನಿಜವೇ. ಬಹಾಮಾಸ್‌ನ ಬೆರ್ರಿ ದ್ವೀಪಗಳ ಸಾಲಿನಲ್ಲಿರುವ ಲಿಟಲ್ ಸ್ಟಿರಪ್ ಕೇ ಎಂಬ ಸಣ್ಣ ದ್ವೀಪವನ್ನು ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿ ‘ಕೊಕೊಕೇ’ ಅಂತ ಕರೆದು ತನ್ನ ಪ್ರಯಾಣಿಕರಿಗಾಗಿಯೇ ಇಟ್ಟುಕೊಂಡಿದೆ. 25 ಕೋಟಿ ಡಾಲರ್ ಸುರಿದು 2019ರಲ್ಲಿ ಹೊಸದಾಗಿ ತೆರೆದಿದೆ. ಎರಡು ನಿಜದ ಬೆನ್ನಿಗೆ ಒಂದು ಸುಳ್ಳು ಅಂಟಿಸಿದರೆ ಅದೂ ನಿಜದ ಹಾಗೇ ಕಾಣುತ್ತೆ. ಏಜೆಂಟನಿಗೆ ಅದು ಚೆನ್ನಾಗಿ ಗೊತ್ತು.

ಗೊತ್ತಾಗಿದ್ದು ಎಲ್ಲಿ? ಹಡಗಿನ ಗ್ಯಾಂಗ್‌ವೇ ಹತ್ತಿರ. ಇಳಿಯುವಾಗ ನಡೆಯೋದು ಒಂದೇ ಕೆಲಸ: ಕೋಣೆಯ ಬಾಗಿಲಿಗೆ ಹಿಡಿಯುವ ಅದೇ ಸೀಪಾಸ್ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು, ಬೀಪ್ ಅನ್ನುತ್ತೆ, ಮುಂದೆ ಹೋಗಬೇಕು. ಹಡಗಿನಲ್ಲಿದ್ದ ಸಾವಿರಾರು ಜನ ಹಾಗೇ ಇಳಿದು ಜೆಟ್ಟಿ ಮೇಲೆ ನಡೆದು ಹೋಗುತ್ತಿದ್ದರು. ‘ಪಾಸ್’ ಅಂತ ಏಜೆಂಟ್ ಕಳಿಸಿದ್ದ, ಬಾರ್‌ಕೋಡ್ ಇದ್ದ ಬಣ್ಣದ ಪಿಡಿಎಫ್ ನೋಡಿ ಸಿಬ್ಬಂದಿಯವರು ಕೇಳಿದ್ದು, ಇದೇನು? ಇದನ್ನು ಯಾರು ಕೊಟ್ಟರು? ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಇಣುಕಿ ನೋಡುತ್ತಿದ್ದಾರೆ. ಆ ಪಿಡಿಎಫ್‌ನ ಬಾರ್‌ಕೋಡ್ ಹಡಗಿನ ಯಂತ್ರ ಒಪ್ಪುವಂಥದ್ದಲ್ಲ, ಯಾಕಂದರೆ ಅದು ಯಾವ ಬುಕಿಂಗಿನದೂ ಅಲ್ಲ. ಚಿತ್ರ. ಬರೀ ಚಿತ್ರ. ಮೈಯೆಲ್ಲ ಉರಿಯಿತು.

ಇನ್ನು ಏಜೆಂಟರ ಉತ್ತರಗಳು. ಒಂದೊಂದಾಗಿ ಬರೆಯುತ್ತೇನೆ, ನಿಮಗೂ ಇವೇ ಬರುತ್ತವೆ.

“ಅದರಲ್ಲಿ ಬೀಚ್ ಚೇರ್ ಸೇರಿದೆ ಸಾರ್.” ಕೊಕೊಕೇಯಲ್ಲಿ ಕುರ್ಚಿ, ಕೊಡೆ ಎಲ್ಲರಿಗೂ ಪುಕ್ಕಟೆ. ಮೊದಲು ಹೋದವರಿಗೆ ಸಿಗುತ್ತೆ. ದುಡ್ಡು ಕೊಟ್ಟು ಹಿಡಿದಿಡೋಕೆ ಬರೋದಿಲ್ಲ.

“ಊಟ ಸೇರಿದೆ.” ಚಿಲ್ ಗ್ರಿಲ್, ಸ್ಕಿಪ್ಪರ್ಸ್ ಗ್ರಿಲ್, ಸ್ನ್ಯಾಕ್ ಶ್ಯಾಕ್ ಮೂರರಲ್ಲೂ ಮಧ್ಯಾಹ್ನದ ಊಟ ಹಡಗಿನ ಟಿಕೆಟ್ಟಿನಲ್ಲೇ ಬಂದಿರುತ್ತೆ.

“ಪೂಲ್ ಆ್ಯಕ್ಸೆಸ್ ಸಾರ್, ದೊಡ್ಡ ಪೂಲು.” ಒಯಾಸಿಸ್ ಲಗೂನ್ ಎಂಬ ಆ ದೊಡ್ಡ ಈಜುಕೊಳವೂ ಪುಕ್ಕಟೆ. ಮಕ್ಕಳ ನೀರಾಟದ ಸ್ಪ್ಲ್ಯಾಶ್‌ಅವೇ ಬೇ ಪುಕ್ಕಟೆ. ಓಡಾಡುವ ಟ್ರಾಮ್ ಪುಕ್ಕಟೆ. ಲೈಫ್ ಜಾಕೆಟ್ ಕೂಡ.

“ಹಂಗಾದ್ರೆ ಅದು ನಮ್ಮ ಹ್ಯಾಂಡ್ಲಿಂಗ್ ಚಾರ್ಜ್ ಅಂದ್ಕೊಳಿ.” ಅಂದ್ಕೊಳಿ! ಹ್ಯಾಂಡ್ಲ್ ಮಾಡಲು ಅಲ್ಲಿ ಏನಿತ್ತು?

ಹಾಗಂತ ದ್ವೀಪದಲ್ಲಿ ದುಡ್ಡು ಕೀಳುವ ಜಾಗಗಳು ಇಲ್ಲ ಅಂತಲ್ಲ. ಬೇಕಾದಷ್ಟಿವೆ, ಗೊಂದಲ ಹುಟ್ಟೋದೂ ಅಲ್ಲೇ. ಜಾಹೀರಾತಿನಲ್ಲಿ ಕಾಣುವ ಎತ್ತರದ ಗೋಪುರ, ಬಣ್ಣದ ಜಾರುಬಂಡೆಗಳು ಥ್ರಿಲ್ ವಾಟರ್‌ಪಾರ್ಕ್‌ನವು. ಅದಕ್ಕೆ ಬೇರೆ ಟಿಕೆಟ್. ಹೀಲಿಯಂ ಬಲೂನಿಗೆ ಬೇರೆ. ಜಿಪ್‌ಲೈನ್ ಬೇರೆ. ಕೊಕೊ ಬೀಚ್ ಕ್ಲಬ್ ಬೇರೆ. 2024ರಲ್ಲಿ ತೆರೆದ, ದೊಡ್ಡವರಿಗೆ ಮಾತ್ರ ಇರುವ ಹೈಡ್‌ಅವೇ ಬೀಚ್ ಬೇರೆ. ಕಬಾನಾ (ನೆರಳಿನ ಖಾಸಗಿ ಗುಡಿಸಲು), ಸ್ನಾರ್ಕೆಲ್ (ನೀರಲ್ಲಿ ಮುಖ ಮುಳುಗಿಸಿ ಉಸಿರಾಡುವ ಕೊಳವೆ) ಬಾಡಿಗೆ ಎಲ್ಲ ಬೇರೆ. ಈ ರೇಟುಗಳು ವಿಮಾನದ ಟಿಕೆಟ್ ಥರ ದಿನದಿಂದ ದಿನಕ್ಕೆ ಏರಿಳಿಯುತ್ತವೆ, ಹಾಗಾಗಿ ಹೋದ ವರ್ಷ ಹೋಗಿಬಂದ ನೆಂಟರು ಹೇಳಿದ ರೇಟು ನಂಬಬೇಡಿ. ವಾಟರ್‌ಪಾರ್ಕಿನ 135 ಅಡಿ ಎತ್ತರದ ಡೇರ್‌ಡೆವಿಲ್ಸ್ ಪೀಕ್ ಎಂಬ ಜಾರುಬಂಡೆ ಜಾರಲು ಮಗು 48 ಇಂಚು ಎತ್ತರ ಇರಲೇಬೇಕು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ನೋಡಿ, ಆಮೇಲೆ ಟಿಕೆಟ್ ತೊಗೊಳ್ಳಿ.

ಇವೆಲ್ಲ ಬುಕ್ ಆಗಿದೆಯೋ ಇಲ್ಲವೋ ತಿಳಿಯೋಕೆ ಏಜೆಂಟನನ್ನು ಕೇಳಬೇಕಾಗಿಯೇ ಇಲ್ಲ. ರಿಸರ್ವೇಶನ್ ನಂಬರ್, ಹಡಗಿನ ಹೆಸರು, ಹೊರಡುವ ತಾರೀಕು ಇಸ್ಕೊಂಡು ಕ್ರೂಸ್ ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ಹೆಸರಿಗೇ ಖಾತೆ ತೆರೆಯಿರಿ. ನಿಜವಾಗಿ ಕೊಂಡಿದ್ದು ಏನೇ ಇದ್ದರೂ ಅಲ್ಲಿ ಕಾಣುತ್ತೆ. ಅಲ್ಲಿ ಕಾಣದ್ದು ಕೊಂಡಿಲ್ಲ. ಅಷ್ಟೇ. “ಗ್ರೂಪ್ ಬುಕಿಂಗ್ ಸಾರ್, ನಂಬರ್ ಕೊನೇಲಿ ಬರತ್ತೆ” ಅಂದರೆ ಕೊನೆಯ ಕಂತು ಕಟ್ಟಬೇಡಿ. ನಮಗೂ ಹಾಗೇ ಹೇಳಿ, ಹೊರಡುವ ಹಿಂದಿನ ರಾತ್ರಿ ನಂಬರ್ ಕಳಿಸಿದ್ದು. ಆ್ಯಪ್‌ನಲ್ಲಿ ನೇರವಾಗಿ ಕೊಂಡರೆ ಇನ್ನೊಂದು ಲಾಭ: ಹೊರಡುವ 48 ಗಂಟೆ ಮೊದಲಿನ ತನಕ ಸಾಮಾನ್ಯವಾಗಿ ರದ್ದು ಮಾಡಬಹುದು, ರೇಟು ಇಳಿದರೆ ರದ್ದು ಮಾಡಿ ಮತ್ತೆ ಕೊಳ್ಳಬಹುದು. ಏಜೆಂಟ್ ಕೈಲಿದ್ದರೆ ಎರಡೂ ಇಲ್ಲ.

ಗಾಳಿಯ ವಿಷಯ ಯಾವ ಏಜೆಂಟೂ ಬಾಯಿ ಬಿಡೋದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರದಿಂದ ಶೀತಗಾಳಿ ಬೀಸಿದಾಗ, ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲದಲ್ಲಿ, ಹಡಗು ದ್ವೀಪಕ್ಕೆ ಹೋಗದೇ ಮುಂದೆ ಸಾಗಬಹುದು. ಜೆಟ್ಟಿ ಇದ್ದ ಮಾತ್ರಕ್ಕೆ ಗ್ಯಾರಂಟಿ ಇಲ್ಲ. ಇವತ್ತಿನ ಹಡಗುಗಳು ಹತ್ತಾರು ಅಂತಸ್ತಿನ ಗೋಡೆಯಂತಿರುವುದರಿಂದ ಪಕ್ಕದ ಗಾಳಿ ಅವನ್ನು ತಳ್ಳಿಬಿಡುತ್ತೆ. ಬೇರೆ ಕ್ರೂಸ್ ಕಂಪನಿಗಳ ಇಂಥದೇ ತಾಣಗಳಾದ ಹಾಫ್ ಮೂನ್ ಕೇ, ಪ್ರಿನ್ಸೆಸ್ ಕೇಸ್ ಮುಂತಾದ ಕಡೆ ಹಡಗು ದೂರದಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಾ ಬಂದಿದ್ದಾರೆ. ಅಲ್ಲಿ ಅಲೆ ಸ್ವಲ್ಪ ಹೆಚ್ಚಾದರೂ ದಡಕ್ಕೆ ಇಳಿಯೋದು ತಪ್ಪಬಹುದು. ಗಾಲಿಕುರ್ಚಿಯಲ್ಲಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಟೆಂಡರ್ ಇದೆಯೇ ಅಂತ ಮೊದಲೇ ಕೇಳಿ. ದೋಣಿ ಅಲುಗಾಡುತ್ತಿದ್ದರೆ ಗಾಲಿಕುರ್ಚಿಯವರನ್ನು ಹತ್ತಿಸೋದಿಲ್ಲ. (ಪ್ರಿನ್ಸೆಸ್ ಕೇಸ್ ದ್ವೀಪವೇ ಅಲ್ಲ, ಎಲ್ಯುಥೆರಾ ಎಂಬ ದೊಡ್ಡ ದ್ವೀಪದ ದಕ್ಷಿಣ ತುದಿಯ ಒಂದು ತುಂಡು ದಡ. ‘ಪ್ರೈವೇಟ್ ಐಲ್ಯಾಂಡ್’ ಅಂತ ಏಜೆಂಟ್ ಅಂದಾಗ ಒಮ್ಮೆ ನಕ್ಷೆ ತೆಗೆದು ನೋಡಿ.)

ದ್ವೀಪ ತಪ್ಪಿದರೆ ಕಂಪನಿ ವಾಪಸ್ ಕೊಡೋದು ಎರಡೇ: ಅವರ ಹತ್ತಿರವೇ ಮೊದಲೇ ಕೊಂಡ ಕಬಾನಾ, ವಾಟರ್‌ಪಾರ್ಕ್ ಮುಂತಾದವುಗಳ ದುಡ್ಡು ಮತ್ತು ಆ ಬಂದರಿನ ತೆರಿಗೆ, ಶುಲ್ಕ. ಕ್ರೂಸ್ ಟಿಕೆಟ್ಟಿನ ಬೆಲೆಯಲ್ಲಿ ಒಂದು ಪೈಸೆಯೂ ಇಲ್ಲ. ದಾರಿ ಬದಲಿಸುವ ಹಕ್ಕು ಅವರಿಗಿದೆ ಅಂತ ಒಪ್ಪಂದದಲ್ಲೇ ಬರೆದಿರುತ್ತೆ. ಇನ್ನು ಏಜೆಂಟ್ ಮಾರಿದ ‘ಪಾಸ್’? ಅದು ಕಂಪನಿಯ ಪುಸ್ತಕದಲ್ಲೇ ಇಲ್ಲದ ದುಡ್ಡು, ಕಂಪನಿ ಎಲ್ಲಿಂದ ವಾಪಸ್ ಕೊಡುತ್ತೆ?

ಸಸ್ಯಾಹಾರಿಗಳಿಗೆ ಒಂದು ಮಾತು. ಹಡಗಿನಲ್ಲಿ ಹೇಳಿಟ್ಟರೆ ನಮ್ಮ ಕಡೆಯ ಊಟ ಮಾಡಿಕೊಡುತ್ತಾರೆ. ದ್ವೀಪದಲ್ಲಿ ಹೆಚ್ಚಾಗಿ ಇರೋದು ಬರ್ಗರ್, ಕೋಳಿ, ಹಾಟ್‌ಡಾಗ್. ವೆಜ್ ಬರ್ಗರ್ ಕೇಳಿದರೆ ಸಿಗುತ್ತೆ, ಆದರೆ ಅದೇ ಕಾವಲಿ ಮೇಲೆ ಬೇಯಿಸಿರಬಹುದು, ಬೇರೆ ಕಾವಲಿ ಇದೆಯಾ ಅಂತ ಕೇಳಿಯೇ ತೊಗೊಳ್ಳಿ. ಹಣ್ಣು ಕಟ್ಟಿಕೊಂಡು ಇಳಿಯಲು ಬಿಡೋದಿಲ್ಲ. ಸೀಲ್ ಆಗಿರುವ ಬಿಸ್ಕತ್ತು, ಖಾಖ್ರಾ ನಡೆಯುತ್ತೆ. “ಜೈನ್ ಲಂಚ್ ಅರೇಂಜ್ ಮಾಡಿದೀವಿ” ಅಂತಲೂ ನಮ್ಮ ಪಿಡಿಎಫ್‌ನಲ್ಲಿತ್ತು. ಯಾರ ಹತ್ತಿರ ಅರೇಂಜ್ ಮಾಡಿದರೋ ದೇವರೇ ಬಲ್ಲ.

ದುಡ್ಡು ಕಟ್ಟುವಾಗ ನೋಡಬೇಕಾದ್ದು: ಇಡೀ ಪ್ಯಾಕೇಜಿಗೆ ಬಿಲ್ ಕೊಟ್ಟವರು ‘ಪಾಸ್’ ದುಡ್ಡನ್ನು ಮಾತ್ರ ಬೇರೆಯಾಗಿ, ಒಬ್ಬರ ಸ್ವಂತ ಯುಪಿಐಗೆ ಹಾಕಿಸಿಕೊಂಡರು. ವಿದೇಶ ಪ್ರವಾಸದ ಪ್ಯಾಕೇಜಿಗೆ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು, ಅದು ನಿಮ್ಮ ಆದಾಯ ತೆರಿಗೆ ದಾಖಲೆಯಲ್ಲಿ ಕಾಣಬೇಕು. ಪಾಸಿನ ದುಡ್ಡಿಗೆ ಬಿಲ್ಲೂ ಇಲ್ಲ, ಟಿಸಿಎಸ್ಸೂ ಇಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. ಯುಪಿಐನಲ್ಲಿ ನಾವೇ ಕಳಿಸಿದ ದುಡ್ಡನ್ನು ಹಿಂದಕ್ಕೆ ಎಳೆಯೋದು ಬಹಳ ಕಷ್ಟ. ಅವರು ಕಾರ್ಡ್ ಬೇಡ ಅಂದಿದ್ದು ಯಾಕೆ ಅಂತ ಈಗ ಅರ್ಥವಾಗುತ್ತಿದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗ ಕೇಳಿದ್ದು ಮೂರು: ಬಿಲ್, ದುಡ್ಡು ಹೋದ ದಾಖಲೆ, ಮಾತುಕತೆಯ ಪ್ರತಿ. ದೂರು ಹೋದ ದಿನವೇ ಏಜೆಂಟ್ ಕಡೆಯಿಂದ ಬಂತು: “ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಸಾರ್, ನೆಕ್ಸ್ಟ್ ಟ್ರಿಪ್‌ನಲ್ಲಿ ಅಡ್ಜಸ್ಟ್ ಮಾಡ್ಕೊಡ್ತೀವಿ.” ಆಮೇಲೆ ನೋಡಿದರೆ ‘ಪಾಸ್’ ಬಗ್ಗೆ ಕಳಿಸಿದ್ದ ಮೆಸೇಜುಗಳಲ್ಲಿ ಕೆಲವು ಡಿಲೀಟ್ ಆಗಿದ್ದವು. ಹಾಗಾಗಿ ಯಾರ ಜೊತೆಯೇ ಮಾತಾಡುತ್ತಿರಿ, ರೇಟು ಹೇಳಿದ ಮೆಸೇಜ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿಡಿ. ನಮ್ಮ ಮನೆಯ ಗ್ರೂಪಿಗೆ ಯಾರೋ ಫಾರ್ವರ್ಡ್ ಮಾಡಿದ್ದ ಒಂದು ಪ್ರತಿ ಉಳಿದಿತ್ತು, ಈಗ ದೂರಿನ ಜೊತೆ ಲಗತ್ತಿಸಿರೋದು ಅದೊಂದೇ.