130 ಎಂಎಂ ಟೆಲಿಸ್ಕೋಪು, ಇಕ್ಯೂ-2 ಮೌಂಟು: 4 ವರ್ಷ ಬಳಸಿದ್ಮ್ಯಾಗ

ಮೊದ್ಲ ಹೇಳಿಬಿಡ್ತೀನಿ, ನಾನು ಮಾಸ್ತರ ಅಲ್ಲ, ಕೊಪ್ಪಳದಾಗ ಮೋಟರ್ ರಿವೈಂಡಿಂಗ್ ಅಂಗಡಿ ಐತಿ ನಂದು, ಸುಟ್ಟ ಪಂಪ್‌ಸೆಟ್ಟು ಬಿಚ್ಚೋದು ತಂತಿ ಸುತ್ತೋದು ಬೇರಿಂಗ್ ಬದಲಿ ಮಾಡೋದು ಇದ ದಿನದ ಕೆಲಸ. ಟೆಲಿಸ್ಕೋಪ್ ಹುಚ್ಚು ಹಚ್ಚಿದ್ದು ಮಗಳು. 2021ರ ಡಿಸೆಂಬರ್‌ದಾಗ ಆನ್‌ಲೈನ್ ತರಿಸಿದ್ವಿ, 130 ಎಂಎಂ ಕನ್ನಡಿ, 900 ಎಂಎಂ ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡೋ ಜಾಗದ ದೂರ), ನ್ಯೂಟೋನಿಯನ್, ಅಂದ್ರ ಕನ್ನಡಿಲೆ ಬೆಳಕು ಹಿಡಿಯೋ ನಮೂನಿ. ಅದರ ಜೋಡಿ ಇಕ್ಯೂ-2 ಅಂತಾರಲ್ಲ ಆ ದರ್ಜಿ ಮೌಂಟು, ಇಕ್ಯೂ ಅಂದ್ರ ಇಕ್ವಟೋರಿಯಲ್, ಮೌಂಟು ಅಂದ್ರ ಕೊಳವಿ ಹೊತ್ತು ತಿರುಗಿಸೋ ಸ್ಟ್ಯಾಂಡು. ನನಗ ಆಗ ₹21,000 ಬಿತ್ತು. ಕಂಪನಿ ಹೆಸರು ಬರಿಯಂಗಿಲ್ಲ, ಇದ ನಮೂನಿ ಮೌಂಟು ಬ್ಯಾರೆ ಬ್ಯಾರೆ ಹೆಸರಿನಾಗ ಬರತಾವ, ನಾ ಹೇಳೋದು ಎಲ್ಲಾಕ್ಕೂ ಹೊಂದತೈತಿ.

ತಗೋಳಾಗ ನಾ ನೋಡಿದ್ದು ಕನ್ನಡಿ ಎಷ್ಟು ದೊಡ್ಡದು ಎಷ್ಟು ಪಟ್ಟು ಕಾಣತೈತಿ ಅಷ್ಟ. ಮೌಂಟ್ ಅಂದ್ರ ಏನು, ಸ್ಟ್ಯಾಂಡ್ ತಾನ ಬಿಡು ಅಂದೆ. ಫೌಂಡೇಶನ್ ಬೋಲ್ಟ್ ಸಡಿಲಿದ್ರ ಎಂಥಾ ಚಲೋ ಮೋಟರಾದ್ರೂ ಬೇರಿಂಗ್ ತಿಂತೈತಿ ಅಂತ ಗಿರಾಕಿಗೆ ದಿನಾ ಭಾಷಣ ಬಿಗಿಯಾಂವ ನಾನ, ಇದರಾಗ ಅದನ್ನ ಮರತೆ ನೋಡ್ರಿ.

ಮೊದಲನೇ ರಾತ್ರಿ ಮಾಳಿಗಿ ಮ್ಯಾಗ ಎರಡು ತಾಸು ಜೋಡಿಸೋದ್ರಾಗ ಹೋತು. ಇಕ್ಯೂ ಮೌಂಟಿನ ಕತಿ ಏನಂದ್ರ ಅದರದೊಂದು ಅಕ್ಷ ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು, ಭೂಮಿ ಯಾವ ಅಕ್ಷದ ಮ್ಯಾಗ ತಿರಗತೈತಿ ಅದಕ್ಕ ಸಮಾಂತರ. ಧ್ರುವ ನಕ್ಷತ್ರ ಎಷ್ಟು ಎತ್ತರ ಅಂದ್ರ ನಮ್ಮೂರಿನ ಅಕ್ಷಾಂಶ ಎಷ್ಟೋ ಸುಮಾರು ಅಷ್ಟು. ಲಂಡನ್‌ದಾಗ ಅದು 51 ಡಿಗ್ರಿ ಮ್ಯಾಲ, ಕೊಪ್ಪಳದಾಗ ಬಳ್ಳಾರಿಯಾಗ 15, ರಾಯಚೂರಾಗ 16. ಡಬ್ಬಿಯೊಳಗಿನ ಪುಸ್ತಕದಾಗ ಚಿತ್ರ ತಗದಿದ್ದು ಆ ಕಡೆ ಊರಿಗೆ, ಮೌಂಟಿನ ತಲಿ ಅರ್ಧ ಆಕಾಶಕ್ಕ ಎತ್ತಿ ನಿಂತಿರತೈತಿ, ನಮ್ಮಲ್ಲಿ ಅದ ಮೌಂಟು ಎತ್ತು ನೀರು ಕುಡಿಯಾಕ ಕುತ್ತಿಗಿ ಬಗ್ಗಿಸಿದಂಗ ಮಲಗಿಬಿಡತೈತಿ. ನಂದರಾಗ ಎತ್ತರ ಹೊಂದಿಸೋ ಬೋಲ್ಟಿನ ಹಿಡಿಕಿ 20ರ ಹತ್ರ ಬಂದು ಬಾಡಿಗೆ ತಟ್ಟಿ ನಿಂತಬಿಡ್ತು, ಮುಂದಕ್ಕ ಇಳಿಯವಲ್ದು. ಅಂಗಡಿಯಾಗಿಂದ ಗಿಡ್ಡ ಬೋಲ್ಟ್ ಒಂದು ತಂದು ಹಾಕಿದ್ಮ್ಯಾಗ 15ಕ್ಕ ಬಂತು. ಆಮ್ಯಾಲ ಕೊಳವಿ ಭಾರ ಸರಿತೂಗಿಸೋ ಕೌಂಟರ್ ವೇಟ್ ಸಳಿ ತಿರುಗಿಸಿದ್ರ ಹೋಗಿ ಟ್ರೈಪಾಡ್ ಕಾಲಿಗೆ ಬಡಿತೈತಿ, ಟಣ್ ಅಂತ. ಒಂದು ಕಾಲು ಉತ್ತರಕ್ಕ ಇಡ್ರಿ ಅಂತ ಎಲ್ಲಾರೂ ಹೇಳತಾರ, ನಮ್ಮ ಕಡೆ ಅದನ್ನ ಉಲ್ಟಾ ಮಾಡಬೇಕು, ಒಂದು ಕಾಲು ದಕ್ಷಿಣಕ್ಕ ಎರಡು ಕಾಲು ಉತ್ತರದ ಕಡೆ ಅಗಲಿಸಿ ಇಟ್ರ ವೇಟು ಎರಡರ ನಡುಕ ಹಾದು ಹೋಗತೈತಿ. ಇದು ಗೊತ್ತಾಗಾಕ ನನಗ ಎರಡು ತಿಂಗಳು ಹಿಡಿತು.

ಇನ್ನ ಧ್ರುವ ನಕ್ಷತ್ರ ಹುಡುಕೋದು. 15 ಡಿಗ್ರಿ ಅಂದ್ರ ಕೈ ಚಾಚಿ ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ಹಿಡಿದ್ರ ಅದಕ್ಕಿಂತ ಕಡಿಮಿ ಎತ್ತರ. ನಮ್ಮ ಮನಿಗೆ ಉತ್ತರಕ್ಕ ಬಾಜೂ ಮನಿಯವ್ರು ಮೂರನೇ ಅಂತಸ್ತು ಎಬ್ಬಿಸ್ಯಾರ, ಅದರ ಹಿಂದ ಬೇವಿನ ಗಿಡ. ಧ್ರುವ ಅಲ್ಲೆ ಎಲ್ಲೋ ಅವ್ರ ಸಿಂಟೆಕ್ಸ್ ಟ್ಯಾಂಕಿನ ಹಿಂದ ತಪಸ್ಸು ಮಾಡಾಕ ಹತ್ತ್ಯಾನ. ಫೋನಿನ ದಿಕ್ಸೂಚಿ ನಂಬಿದ್ರ ಮಾಳಿಗಿ ಸ್ಲ್ಯಾಬಿನ ಕಬ್ಬಿಣಕ್ಕ ಅದು ಸುಳ್ಳು ಹೇಳತೈತಿ. ಕಡಿಕ ಏನ್ ಮಾಡಿದೆ ಅಂದ್ರ, ಒಂದಿನ ಹಗಲೊತ್ತು ಕೋಲು ನೆಟ್ಟು ನೆರಳು ಅತಿ ಗಿಡ್ಡ ಆದ ಹೊತ್ತಿಗೆ ಗೆರಿ ಎಳದು ಅದರ ಮ್ಯಾಗ ಆಯಿಲ್ ಪೇಂಟ್ ಹೊಡದೆ. ಇವತ್ತಿಗೂ ಐತಿ ಆ ಗೆರಿ. ಕಣ್ಣಿಲೆ ನೋಡೋದಕ್ಕ ಅಷ್ಟು ಸಾಕು, ಡಿಗ್ರಿ ಎರಡು ಡಿಗ್ರಿ ಆಚೀಚೆ ಆದ್ರೂ ನಡಿತೈತಿ, ಫೋಟೋ ತಗಿಯೋರಿಗೆ ಅಷ್ಟ ಅದರ ಚಿಂತಿ.

ನಡಗೋದು. ಇದ ದೊಡ್ಡ ರೋಗ. ಪೊಳ್ಳ ಅಲ್ಯುಮಿನಿಯಂ ಕಾಲು, ಫೋಕಸ್ ಮಾಡಾಕ ಗುಂಡಿ ಮುಟ್ಟಿದ್ರ ಸಾಕು ಗುರು ಗ್ರಹ ಜ್ವರ ಬಂದಂಗ ನಡಗತೈತಿ, ಒಂದ್ ಎರಡ್ ಮೂರ್ ನಾಕ್ ಎಣಿಸಬೇಕು ನಿಲ್ಲಾಕ. ಅದು ನಿಂತ್ಮ್ಯಾಲ ಫೋಕಸ್ ಸರಿ ಇಲ್ಲ ಅಂತ ತಿಳಿತೈತಿ, ಮತ್ತ ಮುಟ್ಟು, ಮತ್ತ ಎಣಿಸು. ನಮ್ಮ ಕಡೆ ಆಷಾಢದ ಗಾಳಿ ನಿಮಗ ಗೊತ್ತ ಐತಿ, ಆಗಂತೂ ಹೊರಗ ತಗಿಯೋ ಮಾತ ಇಲ್ಲ, ಹೆಂಗೂ ಮೋಡ ಇರತಾವ ಬಿಡ್ರಿ. ಆದ್ರ ಜನವರಿಯಾಗ ಸಣ್ಣ ಗಾಳಿ ಬಿಟ್ರೂ ಅದ ಕತಿ. ಔಷಧ ಏನಂದ್ರ ಕಾಲು ಪೂರ್ತಿ ಒಳಗ ಸರಿಸಿ ಗಿಡ್ಡ ಮಾಡ್ರಿ, ಕುಂತು ನೋಡ್ರಿ, ಮೂರು ಕಾಲಿನ ನಡುವ ಭಾರ ಜೋತು ಬಿಡ್ರಿ. ನಾನು ಸುಟ್ಟ ಒಂದು ಎಚ್‌ಪಿ ಮೋಟರಿನ ರೋಟರ್ ಹಗ್ಗ ಕಟ್ಟಿ ಜೋತು ಬಿಟ್ಟೀನಿ. ನಾಕು ಎಣಿಸೋದು ಎರಡಕ್ಕ ಬಂತು. ಮಗಳು ನೋಡಿ ಪಪ್ಪಾ ಇದೇನ್ ಟೆಲಿಸ್ಕೋಪೋ ಬಾವಿ ರಾಟಿಯೋ ಅಂತ ನಕ್ಕಳು.

ಮೂರನೇ ತಿಂಗಳಿಗೆ ತಡಿಲಾರದ ಮೌಂಟು ಬಿಚ್ಚಿದೆ, ವಾರಂಟಿ ಹೋದ್ರ ಹೋಗ್ಲಿ ಅಂತ. ಒಳಗ ಗ್ರೀಸ್ ಅಂದ್ರ ಅಂಟು ಅಂಟು, ಹಳೇ ಬೆಲ್ಲದ ಪಾಕ ಇದ್ದಂಗ. ಅದಕ್ಕ ಕೊಳವಿ ಮೆಲ್ಲಕ ಸರಿಸೋ ಸ್ಲೋ ಮೋಷನ್ ಗುಂಡಿ ಒಂದು ಕಡೆ ತಿರುಗಿಸಿ ವಾಪಸ್ ತಿರುಗಿಸಿದ್ರ ಕಾಲು ಸುತ್ತು ಏನೂ ಆಗಂಗಿಲ್ಲ, ಆಮ್ಯಾಲ ಒಮ್ಮಿಂದೊಮ್ಮೆ ಜಿಗಿತೈತಿ. ಸೀಮೆಎಣ್ಣಿಯೊಳಗ ತೊಳದು, ಬೇರಿಂಗಿಗೆ ಹಾಕೋ ಲಿಥಿಯಂ ಗ್ರೀಸ್ ತೆಳ್ಳಗ ಹಚ್ಚಿ, ವರ್ಮ್ ಗೇರ್ ಹಲ್ಲಿಗೆ ಎಷ್ಟು ಹತ್ರ ಕುಂದ್ರಬೇಕೋ ಅಷ್ಟು ಒತ್ತಿ ಬಿಗಿದೆ. ಪೂರ್ತಿ ಬಿಗಿದ್ರ ತಿರುಗಂಗಿಲ್ಲ, ಕೂದಲೆಳಿಯಷ್ಟು ಸಡಿಲ ಇರಬೇಕು. ಆಮ್ಯಾಲ ಬೆಣ್ಣಿ. ಈ ಕೆಲಸ ಬರದವ್ರಿಗೆ ನಾ ಬಿಚ್ಚ್ರಿ ಅನ್ನಂಗಿಲ್ಲ, ಸ್ಕ್ರೂ ಹಿತ್ತಾಳಿ ಇರತಾವ, ಜೋರು ಮಾಡಿದ್ರ ಆಟಿ ಹೋಗತಾವ.

ಇಷ್ಟೆಲ್ಲಾ ಬೈದ್ರೂ ಅದರ ಗುಣ ಹೇಳ್ಲಿಲ್ಲಂದ್ರ ಅನ್ಯಾಯ ಆಗತೈತಿ. ಭೂಮಿ ತಾಸಿಗೆ 15 ಡಿಗ್ರಿ ತಿರಗತೈತಿ, ಅಂದ್ರ 4 ನಿಮಿಷಕ್ಕ 1 ಡಿಗ್ರಿ. ನನ್ನದರಾಗ 10 ಎಂಎಂ ಐಪೀಸ್ (ಕಣ್ಣಿಟ್ಟು ನೋಡೋ ಮಸೂರ) ಹಾಕಿದ್ರ 900ನ್ನ 10ರಿಂದ ಭಾಗಿಸಿ 90 ಪಟ್ಟು, ಕಾಣೋ ಜಾಗ ಅರ್ಧ ಡಿಗ್ರಿ ಮ್ಯಾಲ ಸ್ವಲ್ಪ. ಹಂಗಾಗಿ ಗುರು ಗ್ರಹ ಈ ಅಂಚಿನಿಂದ ಆ ಅಂಚಿಗೆ ಎರಡು ನಿಮಿಷದಾಗ ಓಡಿ ಹೋಗತಾನ. ಇಕ್ಯೂ ಸರಿ ಕುಂತಿದ್ರ ಒಂದ ಗುಂಡಿ ಮೆಲ್ಲಕ ತಿರುಗಿಸಿಕೋಂತ ಹೋದ್ರ ಸಾಕು, ನಟ್ಟ ನಡುವ ನಿಂತಿರತಾನ, ಅರ್ಧ ತಾಸು ಬೇಕಾದ್ರೂ ನೋಡ್ರಿ. ಗುರುವಿನ ಚಂದ್ರನ ನೆರಳು ಗುರು ಮ್ಯಾಗ ಸರಿಯೋದು ನಾ ನೋಡಿದ್ದು ಹಂಗ. ಒಬ್ರ ಕುಂತು ಒಂದ ಗ್ರಹಾನ ತಾಸುಗಟ್ಟಲೆ ನೋಡಾವ್ರು ನೀವಾಗಿದ್ರ ಇಕ್ಯೂ ಬೈಬ್ಯಾಡ್ರಿ.

ಆದ್ರ ನಮ್ಮನಿಯಾಗ ಒಬ್ರ ನೋಡೋದು ಎಲ್ಲೈತಿ. ಓಣಿ ಹುಡುಗ್ರು ಬರತಾರ, ಅಣ್ಣಾ ನನಗ ನನಗ ಅಂತ. ಇಕ್ಯೂದಾಗ ಇನ್ನೊಂದು ಪೀಡಾ ಏನಂದ್ರ ಪೂರ್ವಕ್ಕ ನೋಡಿದ್ದು ಬಿಟ್ಟು ಪಶ್ಚಿಮಕ್ಕ ತಿರುಗಿಸಿದ್ರ ಐಪೀಸ್ ಒಮ್ಮೆ ಮ್ಯಾಲ ಒಮ್ಮೆ ಕೆಳಗ ಬಂದು ನಿಂದರತೈತಿ, ರಿಂಗ್ ಸಡಿಲ ಮಾಡಿ ಕೊಳವಿ ಹೊರಳಿಸಬೇಕು, ಹೊರಳಿಸಿದ್ರ ಗುರಿ ತಪ್ಪತೈತಿ. ಐದು ವರ್ಷದ ಹುಡುಗ ಐಪೀಸಿಗೆ ಎಟಕಲಾರದ ಟ್ರೈಪಾಡ್ ಕಾಲಿಗೆ ಜೋತು ಬಿದ್ದ ದಿನ ನಾ ನಿರ್ಧಾರ ಮಾಡಿದೆ.

ಹೊಸಾದು ತಗೊಳ್ಳಿಲ್ಲ, ಕೊಳವಿ ಚಲೋನ ಐತಿ. ಡಾಬ್ಸೋನಿಯನ್ ಅಂತ ಮೌಂಟು ಐತಿ, ಅಮೆರಿಕಾದ ಜಾನ್ ಡಾಬ್ಸನ್ ಅನ್ನಾಂವ 1960ರ ದಶಕದಾಗ ಸ್ಯಾನ್ ಫ್ರಾನ್ಸಿಸ್ಕೋ ಫುಟ್‌ಪಾತಿನ್ಯಾಗ ಹೋಗೋ ಬರೋರಿಗೆ ಆಕಾಶ ತೋರಿಸಾಕ ಅಗ್ಗದ ಕಟಗಿ ಪೆಟ್ಟಿಗಿಲೆ ಮಾಡಿದ್ದು. ಎಡಕ್ಕ ಬಲಕ್ಕ, ಮ್ಯಾಲ ಕೆಳಗ, ಅಷ್ಟ. ಕೈಲೆ ದೂಡೋದು. ಕಿನ್ನಾಳ ಗೊಂಬಿಯೂರು ನಮಗ ಬಾಜೂನ ಐತಿ, ಕಟಗಿ ಕೆಲಸಕ್ಕ ಈ ಕಡೆ ಬರ ಇಲ್ಲ. ನಮ್ಮ ಪರಿಚಯದ ಬಡಿಗ್ಯಾರ ಕಾಕಾನ ಹತ್ರ ಹೋಗಿ ಚಿತ್ರ ತೋರಿಸಿದೆ. "ಏನೋ ಇದು, ತೊಟ್ಟಿಲಾ?" ಅಂದ. ಖರೇ ಅಂದ್ರ ತೊಟ್ಟಿಲ ಅದು. 18 ಎಂಎಂ ಪ್ಲೈವುಡ್, ತಳದಾಗ ಸನ್‌ಮೈಕಾ, ಅದರ ಕೆಳಗ ಮೂರು ಟೆಫ್ಲಾನ್ ತುಂಡು, ಎರಡು ಬಾಜೂಕ ನಾಕಿಂಚಿನ ಪಿವಿಸಿ ಪೈಪಿನ ಎಂಡ್ ಕ್ಯಾಪ್, ಅವನ್ನ ಹಳೇ ರಿಂಗಿಗೆ ಬೋಲ್ಟ್ ಹಾಕಿ ಬಿಗಿದ್ವಿ. ಕೂಲಿ ಸಾಮಾನು ಎಲ್ಲಾ ಸೇರಿ ₹2,800. ಕೊಳವಿ ಗಿಡ್ಡ ಇರೋದಕ್ಕ ಪೆಟ್ಟಿಗಿ ನೆಲದ ಮ್ಯಾಗಿಟ್ರ ನಡ ಬಗ್ಗಿಸಿ ನೋಡಬೇಕು, ನಾನು ಮಾಳಿಗಿ ಮ್ಯಾಗಿನ ಗಿಡ್ಡ ಕಟ್ಟಿ ಮ್ಯಾಗ ಇಡ್ತೀನಿ. ನಡಗೋದು? ಮುಟ್ಟಿದ್ರ ಒಂದು ಎಣಿಸೋದ್ರೊಳಗ ನಿಂತಿರತೈತಿ.

ಎರಡೂವರೆ ವರ್ಷ ಆತು ಇದಾಗಿ. ಕೆಳಗಿಂದ ಹೊತ್ತು ತಂದು ಇಟ್ಟು ನೋಡಾಕ ಶುರು ಮಾಡಾಕ ಐದು ನಿಮಿಷ ಸಾಕು. ಇಕ್ಯೂ ಇದ್ದಾಗ ತಿಂಗಳಿಗೆ ಎರಡು ಸಲ ತಗದ್ರ ಹೆಚ್ಚು, ಈಗ ಅಂಗಡಿ ಮುಚ್ಚಿ ಬಂದು ರೊಟ್ಟಿ ಬಡಿಯೋದ್ರಾಗ ಒಂದು ಸುತ್ತು ನೋಡಿ ಇಳಿತೀನಿ. 2025ರ ಸೆಪ್ಟೆಂಬರ್ 7ರ ಖಗ್ರಾಸ ಚಂದ್ರಗ್ರಹಣಕ್ಕ ಮೋಡ ಬಿಟ್ಟು ಬಿಟ್ಟು ಇದ್ವು, ರಾತ್ರಿ 11ರ ಮ್ಯಾಲ ಚಂದ್ರ ತಾಮ್ರದ ತಂಬಗಿ ಬಣ್ಣಕ್ಕ ತಿರುಗಿದಾಗ ಓಣಿ ಮಂದಿ ಎಲ್ಲಾ ಮಾಳಿಗಿ ಮ್ಯಾಗ. ನಮ್ಮವ್ವ 1980ರ ಫೆಬ್ರವರಿ 16ರ ಸೂರ್ಯಗ್ರಹಣ ನೆನಪು ಮಾಡಿಕೊಂಡಳು, ರಾಯಚೂರ ಕಡೆ ಹಗಲ ರಾತ್ರಿ ಆಗಿತ್ತಲ್ಲ ಅದು, ಆಗ ಇಕಿ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ದಳಂತ. ಈ ಸಲ ಬೈಕೋಂತ ಬೈಕೋಂತ ಮೂರು ಸಲ ಸಾಲಿನಾಗ ನಿಂತಳು.

ಡಾಬ್ಸನ್ ಪೆಟ್ಟಿಗಿಗೂ ಊನ ಅದಾವ. ನೆತ್ತಿ ಮ್ಯಾಲ ಇರೋದನ್ನ ನೋಡೋದು ಭಾಳ ತ್ರಾಸು, ಕೊಳವಿ ನೆಟ್ಟಗ ನಿಂತಾಗ ಎಡಕ್ಕ ಬಲಕ್ಕ ದೂಡಿದ್ರ ಹಿಡಿತ ಸಿಗಂಗಿಲ್ಲ, ತನ್ನ ಸುತ್ತ ತಾನ ತಿರಗತೈತಿ. ಬ್ಯಾರೆ ದೇಶದಾವ್ರಿಗೆ ಇದು ಸಣ್ಣ ಮಾತು, ನಮಗ ಅಲ್ಲ, ಯಾಕಂದ್ರ ನಮ್ಮ 15 ಡಿಗ್ರಿಗೆ ಗ್ರಹಗಳು ನೆತ್ತಿ ಹತ್ರಾನ ಹಾಯತಾವ. ಕಳೆದ ಎರಡು ಚಳಿಗಾಲ ಗುರು ನಡುರಾತ್ರಿ ಹೊತ್ತಿಗೆ ಹೆಚ್ಚುಕಡಿಮಿ ತಲಿ ಮ್ಯಾಲ. ನಾ ಮಾಡೋದು ಇಷ್ಟ, ಏರೋವಾಗ ಎಂಟು ಗಂಟೆಕ್ಕ ನೋಡಿಬಿಡ್ತೀನಿ. ಇನ್ನೊಂದು, ಏಪ್ರಿಲ್ ಮೇದಾಗ ಟೆಫ್ಲಾನ್ ಸನ್‌ಮೈಕಾಕ್ಕ ಹಿಡಕೊಂಡಂಗ ಆಗತೈತಿ, ಮೇಣದಬತ್ತಿ ತಿಕ್ಕಿದ್ರ ಸರಿ ಹೋಗತೈತಿ. ಮತ್ತ ಆ ತಿಂಗಳು ಮಾಳಿಗಿ ಸ್ಲ್ಯಾಬು ಹಗಲೆಲ್ಲಾ ಕಾದು ನಡುರಾತ್ರಿತನಕ ಝಳ ಬಿಡತಿರತೈತಿ, ಗ್ರಹ ಎಲ್ಲಾ ಎಣ್ಣಿಯಾಗ ಕರದಂಗ ಕುದಿತಾವ, ಅದಕ್ಕ ಯಾವ ಮೌಂಟಿಗೂ ಬೈಬ್ಯಾಡ್ರಿ, ಹೊಲಕ್ಕ ಹೋಗಿ ಮಣ್ಣಿನ ಮ್ಯಾಗ ಇಡ್ರಿ. ಇರಕಲ್ಲಗಡ ಕಡೆ ನಮ್ಮ ಮಾವನ ಹೊಲ ಐತಿ, ಗಿಣಗೇರಿ ಫ್ಯಾಕ್ಟರಿ ಬೆಳಕು ದೂರ ಉಳಿತೈತಿ. ಅಲ್ಲಿ ಏಪ್ರಿಲ್‌ದಾಗ ದಕ್ಷಿಣಕ್ಕ ಒಮೆಗಾ ಸೆಂಟಾರಿ ಅನ್ನೋ ನಕ್ಷತ್ರ ಗುಚ್ಛ 27 ಡಿಗ್ರಿ ಎತ್ತರಕ್ಕ ಬರತೈತಿ, ರವಾ ಚೆಲ್ಲಿದಂಗ ಕಾಣತೈತಿ ನೋಡ್ರಿ. ಲಂಡನ್‌ದಾವ್ರಿಗೆ ಅದು ಕಾಣಂಗ ಇಲ್ಲ. 51 ಡಿಗ್ರಿ ಇಟ್ಕೊಂಡು ಏನ್ ಮಾಡತಾರ ಪಾಪ.

ಗೋಟೂ ಮೌಂಟ್ (ಮೋಟರಿಲೆ ತಾನ ತಿರುಗಿ ಹುಡುಕಿ ತೋರಿಸೋದು) ತಗೊಳ್ಳ್ಯಾ ಅಂತ ಗಂಗಾವತಿ ಗೆಳೆಯಾ ಒಬ್ಬ ಕೇಳಿದ್ದ, ತಗೊಂಡ, ನಾನೂ ಒಂದು ವಾರ ಬಳಸೀನಿ. ಎರಡು ನಕ್ಷತ್ರ ತೋರಿಸಿದ್ರ ಮುಂದ ಅದ ಹುಡುಕತೈತಿ, ಸುಳ್ಳಲ್ಲ. ಆದ್ರ ಆ ಎರಡು ನಕ್ಷತ್ರ ಯಾವು ಅಂತ ನಿಮಗ ಗೊತ್ತಿರಬೇಕಲ್ಲ. ಬ್ಯಾಟರಿ ವೋಲ್ಟೇಜ್ ಇಳದ್ರ ಕುಡದಾವ್ರಂಗ ಎಲ್ಲೆಲ್ಲೋ ತಿರಗತೈತಿ, ಡಬ್ಬಿಯೊಳಗ ಹಾಕೋ ಎಎ ಸೆಲ್ ನಂಬಬ್ಯಾಡ್ರಿ. ಔಷಧಿ ಹೊಡಿಯೋ ಬ್ಯಾಟರಿ ಪಂಪಿನಾಗ 12 ವೋಲ್ಟ್ ಬ್ಯಾಟರಿ ಇರತೈತಲ್ಲ, ಅದಕ್ಕ ಫ್ಯೂಜ್ ಹಾಕಿ ವೈರ್ ಎಳದು ಕೊಟ್ಟೆ, ಪ್ಲಸ್ ಮೈನಸ್ ಎರಡು ಸಲ ನೋಡಿಕೊಂಡು. ಒಂದಿಡೀ ರಾತ್ರಿ ನಡಿತೈತಿ. ಅದ ರೊಕ್ಕಕ್ಕ ದೊಡ್ಡ ಕನ್ನಡಿ ಡಾಬ್ಸನ್ ಬರತಿತ್ತಲ್ಲೋ ಅಂತ ನನ್ನ ಹೊಟ್ಟಿ ಉರಿ, ಅದು ಬ್ಯಾರೆ.

ಹೊಸದಾಗಿ ತಗೊಳಾವ್ರಿಗೆ ನಾ ಹೇಳೋದು, 130 ಎಂಎಂ ಇಕ್ಯೂಕ್ಕಿಂತ ಅದ ರೊಕ್ಕಕ್ಕ ಸಿಗೋ ಟೇಬಲ್ ಮ್ಯಾಗಿಡೋ ಡಾಬ್ಸನ್ ನೋಡ್ರಿ, ರೊಕ್ಕ ಇದ್ರ 6 ಇಂಚಿಂದು. ಮನಿಯಾಗ ಮೆಟ್ಟಲ ಕಡಿದು ಇದ್ರ ಮೊದ್ಲ ತೂಕ ಕೇಳ್ರಿ. ಕ್ಯಾಮೆರಾ ಹಚ್ಚೋ ಆಸೆ ಇದ್ರ ಇಕ್ಯೂನ ಬೇಕು, ಆದ್ರ ಅದು ಈ ಇಕ್ಯೂ-2 ಅಲ್ಲ, ಮೋಟರ್ ಇರೋ ಗಟ್ಟಿದು, ಮತ್ತ 15 ಡಿಗ್ರಿಗೆ ಇಳಿತೈತೋ ಇಲ್ಲೋ ಅಂತ ಕೇಳಿ ತಗೋರಿ, ಎಷ್ಟೋ ಅಂಗಡಿಯವ್ರಿಗೆ ಅದು ಗೊತ್ತ ಇರಂಗಿಲ್ಲ.

ನನ್ನ ಇಕ್ಯೂ ಹೆಡ್ಡು ಮಾರಿಲ್ಲ. ಗ್ರೀಸ್ ಹಾಕಿ ಚೀಲದಾಗ ಕಟ್ಟಿ ಅಂಗಡಿ ಅಟ್ಟದ ಮ್ಯಾಗ ಇಟ್ಟೀನಿ, ಗುರು ನೆತ್ತಿ ಬಿಟ್ಟು ಇಳಿಯಲಾರದ ವರ್ಷ ಮತ್ತ ಕೆಳಗ ಬಂದ್ರೂ ಬಂತು. ಟ್ರೈಪಾಡ್ ಮಾತ್ರ ಗಣಪತಿ ಪೆಂಡಾಲಿಗೆ ಫೋಕಸ್ ಲೈಟ್ ಕಟ್ಟಾಕ ಓಣಿ ಹುಡುಗ್ರು ಒಯ್ದಾರ, ಇನ್ನೂ ತಂದು ಕೊಟ್ಟಿಲ್ಲ.